ಇವತ್ತು ಅಡಿಗಿ ಪಾಳಿ ಯಾರದು?

ಪರದೇಶಕ್ಕೆ ಓದಲು ಹೊರಟ ಹುಡುಗನಿಗೋ ಹುಡುಗಿಗೋ ನಮ್ಮ ಮುದ್ದೇಬಿಹಾಳದ ಕಡೆ ಕೇಳುವ ಪ್ರಶ್ನೆ ಒಂದೇ. ಯಾವ ಯುನಿವರ್ಸಿಟಿ, ಯಾವ ವಿಷಯ, ಎಷ್ಟು ವರ್ಷದ ಕೋರ್ಸು ಎಂಬ ವಿಚಾರಣೆಯೆಲ್ಲ ಆಮೇಲೆ, ಅದೂ ಪುರುಸೊತ್ತಿದ್ದರೆ. ಮೊದಲು ಬರುವುದು, "ಅಲ್ಲಿ ರೊಟ್ಟಿ ಸಿಗತಾವೇನ್ಪಾ?" ಕೇಳುವವರು ಸೋದರಮಾವನಿರಲಿ, ಕಿರಾಣಿ ಅಂಗಡಿಯ ಕಾಕಾ ಇರಲಿ, ತಾಳಿಕೋಟಿ ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಗುರುತಿಲ್ಲದ ಅಜ್ಜಿ ಇರಲಿ, ಪ್ರಶ್ನೆ ಬದಲಾಗುವುದಿಲ್ಲ. ಸಿಗುವುದಿಲ್ಲ ಎಂದರೆ ಅವರ ಮುಖದಲ್ಲಿ ಮೂಡುವ ಮರುಕ ನೋಡಬೇಕು. ಹುಡುಗ ಓದಲಿಕ್ಕಲ್ಲ, ಕರಿನೀರಿಗೆ ಹೊರಟಿದ್ದಾನೆ ಅನ್ನಬೇಕು. ಅಲ್ಲಿಂದ ಮನೆಯಲ್ಲಿ ಬುತ್ತಿ ಕಟ್ಟುವ ಕೆಲಸ ಶುರು. ಖಡಕ್ ರೊಟ್ಟಿಯ ಥಪ್ಪಿ ಹಳೆಯ ಪೇಪರಿನಲ್ಲಿ ಸುತ್ತಿ, ಸಂದಿನಲ್ಲಿ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿಯ ಪೊಟ್ಟಣ ತುರುಕಿ, ಮೇಲೆ ಇಂಡಿ ಲಿಂಬೆಯ ಉಪ್ಪಿನಕಾಯಿ ಡಬ್ಬಿ. ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕ ಮೇಲಂತೂ ಅದನ್ನು ಬಿಟ್ಟು ಹೋಗುವುದು ಜಿಲ್ಲೆಗೇ ಅವಮಾನ. ತೂಕ ಹೆಚ್ಚಾಯಿತೆಂದರೆ ಸ್ವೆಟರು ಹೊರಗೆ ಬರುತ್ತದೆ, ಹಿಂಡಿ ಬರುವುದಿಲ್ಲ.

ಈ ಪ್ರಶ್ನೆಯ ಮೇಲೆ ಸಿಟ್ಟಾಗುವ ಹಾಗಿಲ್ಲ, ಅದರಲ್ಲಿ ಅಂತಃಕರಣವಿದೆ. ಆದರೂ ಕಿರಿಕಿರಿಯಾಗುತ್ತದೆ. ಓದು ಕ್ಲಾಸಿನಲ್ಲಿ ನಡೆಯುವ ಸಂಗತಿ, ಊಟವೆಂದರೆ ಅಲ್ಲಿಯವರೆಗೆ ಹೇಗಾದರೂ ಜೀವ ಹಿಡಿದುಕೊಳ್ಳುವ ಉಪಾಯ ಎಂಬ ನಂಬಿಕೆ ಅದರ ಬುಡದಲ್ಲಿ ಕೂತಿದೆ. ಡೆನ್ಮಾರ್ಕಿನಂಥ ದೇಶಕ್ಕೆ ಹೋದವರ ಮಟ್ಟಿಗೆ ಈ ಲೆಕ್ಕ ತಿರುಗುಮುರುಗು. ಅಲ್ಲಿಯ ಕ್ಲಾಸಿನ ಪಾಠ ಅರ್ಧಕ್ಕರ್ಧ ಇಲ್ಲೇ ಕೂತು ಮೊಬೈಲಿನಲ್ಲಿ ಸಿಗುತ್ತದೆ. ಅಲ್ಲಿಗೆ ಹೋಗದೆ ಸಿಗದೇ ಇರುವುದು ಅಡಿಗೆಮನೆಯ ಪಾಳಿ ಮತ್ತು ಹಬ್ಬದ ಪಂಕ್ತಿ. ನಮ್ಮ ಭಾಗದವರಿಗೆ ಉಣಿಸುವ ವಿದ್ಯೆ ಯಾರೂ ಕಲಿಸಬೇಕಾಗಿಲ್ಲ, ದಾಸೋಹದ ಸೀಮೆಯಿದು. ಗೊತ್ತಿಲ್ಲದಿರುವುದು ಇನ್ನೊಬ್ಬರ ಪಂಕ್ತಿಯಲ್ಲಿ ಹೊರಗಿನವನಾಗಿ ಕೂತು ಉಣ್ಣುವುದು, ಮರುದಿನ ಅವರ ಸರಿಸಮ ನಿಂತು ಸೌಟು ಹಿಡಿಯುವುದು. ಪರದೇಶದ ಓದಿನಲ್ಲಿ ಮುಖ್ಯ ಪಾಠ ಇದೇ ಎಂಬುದು ನನ್ನ ವಾದ. ಕೃಷ್ಣೆಯ ದಂಡೆಯ ತಾಲೂಕಿನಲ್ಲಿ ಕೂತು ಬಾಲ್ಟಿಕ್ ಸಮುದ್ರದ ದಂಡೆಯವರ ಒಲೆಯ ಬಗ್ಗೆ ತೀರ್ಪು ಕೊಡುವುದು ಅಧಿಕಪ್ರಸಂಗವೇ. ಪ್ರಬಂಧ ಬರೆಯುವವರಿಗೆ ಬೇರೆ ಬಂಡವಾಳವಾದರೂ ಏನಿದೆ?

ನಮ್ಮ ವಿಜಯಪುರ ಜಿಲ್ಲೆಯಂಥ ನಾಲ್ಕು ಜಿಲ್ಲೆ ಕೂಡಿಸಿದರೆ ಒಂದು ಡೆನ್ಮಾರ್ಕ್ ಆಗುತ್ತದೆ. ಜನ ಸುಮಾರು 60 ಲಕ್ಷ. ನೆಲ ಎಷ್ಟು ಸಪಾಟು ಎಂದರೆ ಅಲ್ಲಿಯ ಅತಿ ಎತ್ತರದ ನೈಸರ್ಗಿಕ ದಿನ್ನೆ ಸಮುದ್ರಮಟ್ಟದಿಂದ 171 ಮೀಟರೂ ಪೂರ್ತಿ ಇಲ್ಲ. ಅಲಮಟ್ಟಿ ಜಲಾಶಯದ ಗರಿಷ್ಠ ಮಟ್ಟ 519.60 ಮೀಟರ್ ಎಂಬುದು ನಮ್ಮಲ್ಲಿ ಪೇಪರು ಓದುವ ಪ್ರತಿಯೊಬ್ಬ ರೈತನಿಗೂ ಬಾಯಿಪಾಠ. ಅಂದರೆ ನಮ್ಮ ಹಿನ್ನೀರಿನಲ್ಲಿ ಈಜುವ ಎಮ್ಮೆ ಡೆನ್ಮಾರ್ಕಿನ ತುದಿಶಿಖರಕ್ಕಿಂತ ಮೂರು ಪಟ್ಟು ಮೇಲಿದೆ. ಬಯಲು ನೋಡಿ ಬೆಳೆದ ಎರೆಹೊಲದ ಮಂದಿಗೆ ಆ ಬಯಲು ಹೊಸದಲ್ಲ. ಹೊಸದು ಅಲ್ಲಿಯ ಕತ್ತಲೆ. ಡಿಸೆಂಬರಿನಲ್ಲಿ ಕೋಪನ್‌ಹೇಗನ್ನಿನಲ್ಲಿ ಸೂರ್ಯ ಮುಖ ತೋರಿಸುವುದು ಬೆಳಗ್ಗೆ ಎಂಟೂವರೆ ದಾಟಿದ ಮೇಲೆ, ಮುಳುಗುವುದು ಮಧ್ಯಾಹ್ನ ನಾಲ್ಕು ಬಡಿಯುವ ಮೊದಲೇ. ಇಲ್ಲಿ ನಾವು ಬಿಸಿಲಿಗೆ ಅಂಜಿ ಬೇವಿನಗಿಡದ ಕಟ್ಟೆಗೆ ಕೂಡುತ್ತೇವೆ, ಅಲ್ಲಿ ಅವರು ಕತ್ತಲೆಗೆ ಅಂಜಿ ಮೇಣಬತ್ತಿ ಹಚ್ಚಿದ ಮೇಜಿಗೆ ಕೂಡುತ್ತಾರೆ. ಕಟ್ಟೆಗೆ ಯಾರು ಬೇಕಾದರೂ ಬಂದು ಕೂಡಬಹುದು. ಮೇಜಿಗೆ ಹಾಗಲ್ಲ, ಅಲ್ಲಿ ಕುರ್ಚಿ ಎಣಿಸಿ ಹಾಕಿರುತ್ತಾರೆ, ಕರೆದವರಷ್ಟೇ ಬರಬೇಕು, ಸಂಜೆ ಆರಕ್ಕೆ ಎಂದರೆ ಆರಕ್ಕೇ ಬರಬೇಕು. "ಹೊಂಟೀನಿ, ಅರ್ಧ ದಾರ್ಯಾಗ ಅದೀನಿ" ಎಂದು ಮನೆಯಲ್ಲೇ ಕೂತು ಹೇಳುವ ನಮ್ಮ ಪದ್ಧತಿ ಅಲ್ಲಿ ನಡೆಯುವುದಿಲ್ಲ.

ಬಡ ವಿದ್ಯಾರ್ಥಿಗೆ ಊಟ ಹಾಕಿ ಓದಿಸುವ ಪುಣ್ಯ ನಮ್ಮ ಮಠಗಳದ್ದು ಎಂದು ನಾವು ಹೆಮ್ಮೆಪಡುತ್ತೇವೆ, ಪಡಬೇಕಾದ್ದೇ. ಫ.ಗು. ಹಳಕಟ್ಟಿಯವರು ಮತ್ತು ಅವರ ಜೊತೆಗಾರರು 1910ರಲ್ಲಿ ಬಿಜಾಪುರದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆ ಕಟ್ಟಿದ ಕಾಲಕ್ಕೆ ಹಳ್ಳಿಯ ಹುಡುಗ ಪೇಟೆಗೆ ಬಂದು ಓದಬೇಕಾದರೆ ಮೊದಲ ಸಮಸ್ಯೆ ಫೀ ಅಲ್ಲ, ಊಟ. ಪ್ರಸಾದ ನಿಲಯಗಳು, ಉಚಿತ ಬೋರ್ಡಿಂಗುಗಳು ಹುಟ್ಟಿದ್ದು ಅದಕ್ಕಾಗಿ. ಡೆನ್ಮಾರ್ಕಿನ ಕತೆಯೂ ಹೀಗೇ ಶುರುವಾಗಿದೆ. 1479ರಲ್ಲಿ ಹುಟ್ಟಿದ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ನೂರು ಜನ ಬಡ ವಿದ್ಯಾರ್ಥಿಗಳಿಗೆ ಊಟ ಹಾಕಲು ಅರಸು 1569ರಲ್ಲಿ ದತ್ತಿ ಇಟ್ಟ. ಅವರಿಗೆ ಮಲಗಲು ಜಾಗ ಬೇಕಲ್ಲ ಎಂದು ಮುಂದಿನ ಅರಸು ನಾಲ್ಕನೆಯ ಕ್ರಿಶ್ಚಿಯನ್ ಕಟ್ಟಿಸಿದ ರೆಗೆನ್ಸನ್ ಎಂಬ ವಸತಿಗೃಹ 1623ರಿಂದ ಇಂದಿನವರೆಗೆ ನಡೆಯುತ್ತಿದೆ. ಮೊದಲು ಪ್ರಸಾದ, ಆಮೇಲೆ ನಿಲಯ. ಅಲ್ಲಿಯವರೆಗೆ ಎರಡೂ ಕಡೆಯ ದಾರಿ ಒಂದೇ. ಆಮೇಲೆ ಕವಲೊಡೆಯಿತು. ನಮ್ಮ ನಿಲಯಗಳಲ್ಲಿ ಇವತ್ತಿಗೂ ಅಡಿಗೆಯವರಿದ್ದಾರೆ, ಹುಡುಗರು ತಾಟು ಹಿಡಿದು ಪಾಳಿ ನಿಲ್ಲುತ್ತಾರೆ. ಇಂದಿನ ಡೇನಿಶ್ ಹಾಸ್ಟೆಲ್ಲುಗಳಲ್ಲಿ ಅಡಿಗೆಯವರಿಲ್ಲ. ಕೋಪನ್‌ಹೇಗನ್ನಿನಲ್ಲಿ 2006ರಲ್ಲಿ ತೆರೆದ, ಬಳೆಯ ಹಾಗೆ ದುಂಡಗಿರುವ ಟೀಟ್‌ಗೆನ್ ಹಾಸ್ಟೆಲ್ಲಿನಲ್ಲಿ 360 ಕೋಣೆಗಳಿವೆ. ಹನ್ನೆರಡು ಕೋಣೆಗೊಂದು ಅಡಿಗೆಮನೆ. ಅಂಥ ಅಡಿಗೆಮನೆಗಳ ಗೋಡೆಗೆ ಒಂದು ಹಾಳೆ ಅಂಟಿಸಿರುತ್ತಾರೆ. ಸೋಮವಾರ ಇವನು, ಮಂಗಳವಾರ ಅವಳು. ಪಾಳಿ ಬಂದವನು ಅಷ್ಟೂ ಮಂದಿಗೆ ಬೇಯಿಸಬೇಕು, ಖರ್ಚು ಹಂಚಿಕೊಳ್ಳಬೇಕು, ಉಂಡವರು ಪಾತ್ರೆ ತೊಳೆಯಬೇಕು. ಜಗಳ ಬರುವುದು ರುಚಿಯ ಬಗ್ಗೆ ಅಲ್ಲ, ಸಿಂಕಿನಲ್ಲಿ ಬಿಟ್ಟುಹೋದ ತವೆಯ ಬಗ್ಗೆ.

ಈ ಹಾಳೆಯ ಮುಂದೆ ನಮ್ಮ ಕಡೆಯ ಹುಡುಗ ಮೊದಲ ಸಲ ನಿಂತಾಗ ಅವನಿಗೆ ಏನು ಗೊತ್ತಿರುತ್ತದೆ ಎಂದು ಯೋಚಿಸಿ. ಅವ್ವ, ಅಕ್ಕ, ಅತ್ತಿಗೆ, ಹಾಸ್ಟೆಲ್ಲಿನ ಅಡಿಗೆ ಕಾಕಾ, ಬೆಂಗಳೂರಿನ ಪಿ.ಜಿ.ಯ ಆಂಟಿ, ಇಪ್ಪತ್ತೆರಡು ವರ್ಷ ಅವನ ತಾಟಿಗೆ ಯಾರೋ ಒಬ್ಬರು ಬಡಿಸಿದ್ದಾರೆ. ಅವನ ತಂಗಿಯೇ ಹೋಗಿದ್ದರೆ ರೊಟ್ಟಿ ಬಡಿಯಲು ಬರುತ್ತಿತ್ತು, ಯಾಕೆಂದರೆ ಮನೆಯಲ್ಲಿ ಅವಳ ಪಾಳಿ ದಿನಾಲೂ, ಇವನ ಪಾಳಿ ಎಂದೂ ಇಲ್ಲ. ಇನ್ನೂ ಆಳಕ್ಕೆ ಇಳಿದರೆ ನಮ್ಮಲ್ಲಿ ಪಾಳಿಯ ಅಡಿಗೆ ಯಾಕೆ ಬೆಳೆಯಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ಯಾರು ಬೇಯಿಸಿದ್ದನ್ನು ಯಾರು ಉಣ್ಣಬಹುದು ಎಂಬ ಲೆಕ್ಕ ಮೊದಲು ಬಗೆಹರಿಯಬೇಕಲ್ಲ. ಅದಕ್ಕೇ ಜಾತಿಗೊಂದು ಬೋರ್ಡಿಂಗು ಎದ್ದವು. ಬಸವನ ಬಾಗೇವಾಡಿಯಲ್ಲಿ ಹುಟ್ಟಿದವರೊಬ್ಬರು ಕಲ್ಯಾಣಕ್ಕೆ ಹೋಗಿ ಆ ಲೆಕ್ಕವನ್ನು ಹರಿದು ಹಾಕಿ ಒಂಬತ್ತು ಶತಮಾನ ಆಗುತ್ತಾ ಬಂತು. ಅವರ ಜಯಂತಿಯ ದಿನ ಅನ್ನಸಂತರ್ಪಣೆ ಮಾಡುವ ನಾವು ಒಲೆಯ ಮುಂದೆ ಯಾರನ್ನು ನಿಲ್ಲಿಸುತ್ತೇವೆ ಎಂಬುದನ್ನು ಇವತ್ತಿಗೂ ನೋಡಿಕೊಂಡೇ ನಿಲ್ಲಿಸುತ್ತೇವೆ. ಡೇನಿಶ್ ಅಡಿಗೆಮನೆಯ ಹಾಳೆಗೆ ಇದ್ಯಾವುದೂ ಗೊತ್ತಿಲ್ಲ. ಅದು ಕೋಣೆಯ ನಂಬರನ್ನಷ್ಟೇ ಕೇಳುತ್ತದೆ.

ಉಣ್ಣುವುದರಲ್ಲಿಯೂ ಹೊಸ ಪಾಠವಿದೆ. ನಮ್ಮಲ್ಲಿ ಕರೆದ ಮನೆಗೆ ಹೋದವರು ಮೊದಲು "ಬ್ಯಾಡ್ರಿ, ಈಗ ಉಂಡ ಬಂದೀನ್ರಿ" ಎನ್ನಬೇಕು. ಹಸಿವಿನಿಂದ ಹೊಟ್ಟೆ ಚುರುಗುಟ್ಟುತ್ತಿದ್ದರೂ ಅನ್ನಬೇಕು. ಮನೆಯವರು ಅದನ್ನು ಕಿವಿಗೆ ಹಾಕಿಕೊಳ್ಳದೆ ತಾಟು ಇಡಬೇಕು. ಎರಡನೆಯ ಸಲ ಬೇಡವೆಂದರೆ ಒಂದು ಹೋಳಿಗೆ ಹೆಚ್ಚಿಗೆ ಬೀಳುತ್ತದೆ, ಮೂರನೆಯ ಸಲ ಕೈ ಅಡ್ಡ ಹಿಡಿದರೆ ಕೈಮೇಲೆಯೇ ತುಪ್ಪ. ಡೆನ್ಮಾರ್ಕಿನಲ್ಲಿ ಒಂದು ಸಲ ಬೇಡವೆಂದರೆ ತಾಟು ಮುಂದಿನವರಿಗೆ ಹೋಗುತ್ತದೆ. ಯಾರೂ ಎರಡನೆಯ ಸಲ ಕೇಳುವುದಿಲ್ಲ. ಕೇಳುವುದು ನಿಮ್ಮ ಮಾತಿನ ಮೇಲೆ ನಂಬಿಕೆಯಿಲ್ಲ ಎಂದು ತೋರಿಸಿಕೊಂಡಂತೆ. ವಿಜಯಪುರ ಜಿಲ್ಲೆಯ ಸಂಸ್ಕಾರವಂತ ಹುಡುಗ ಇಂಥ ಮೇಜಿನಲ್ಲಿ ಉಪವಾಸ ಏಳುವುದು ಖಂಡಿತ. ಮೊದಲಿಗೆ ಇದು ಎಂಥ ಒಣ ಮಂದಿ ಅನ್ನಿಸುತ್ತದೆ. ಸ್ವಲ್ಪ ದಿನ ಕಳೆದ ಮೇಲೆ, ಬೇಕು ಅನ್ನಿಸಿದ್ದನ್ನು ಬೇಕು ಎಂದು, ಬೇಡವಾದದ್ದನ್ನು ಬೇಡ ಎಂದು ಹೇಳಿದರೆ ಆಕಾಶ ಬೀಳುವುದಿಲ್ಲ ಎಂದು ತಿಳಿಯುತ್ತದೆ. ಅವರ ಮಧ್ಯಾಹ್ನದ ಬುತ್ತಿ ಬೇರೆ ನಮ್ಮ ಬುತ್ತಿಯ ದೂರದ ನೆಂಟ: ಕಪ್ಪು, ಹುಳಿ, ಗಟ್ಟಿ ರೈ ರೊಟ್ಟಿಯ ಹೋಳುಗಳನ್ನು ಡಬ್ಬಿಗೆ ಹಾಕಿ ಕ್ಲಾಸಿಗೆ ಒಯ್ಯುತ್ತಾರೆ. ಖಡಕ್ ರೊಟ್ಟಿ ಕಡಿದು ಗಟ್ಟಿಯಾದ ಹಲ್ಲಿಗೆ ಅದೇನೂ ಕಷ್ಟವಲ್ಲ.

ಇನ್ನು ಹಬ್ಬಗಳು. ನಾವು ಇವನ್ನು ಟೈಂಪಾಸ್ ಎಂದುಕೊಳ್ಳುತ್ತೇವೆ, ಆದರೆ ಒಂದು ಊರಿನವರು ತಮ್ಮ ಮಕ್ಕಳಿಗೆ ಬಾಯಿಬಿಟ್ಟು ಹೇಳದೆ ಕಲಿಸಿದ್ದೆಲ್ಲ ಹಬ್ಬದಲ್ಲಿರುತ್ತದೆ. ಈಸ್ಟರಿಗೆ ಏಳು ವಾರ ಮೊದಲು ಅಲ್ಲಿ ಫಾಸ್ಟೆಲಾವ್ನ್. ಕಟ್ಟಿಗೆಯ ಪೀಪಾಯಿ ತೂಗುಬಿಟ್ಟು, ವೇಷ ಹಾಕಿದ ಮಕ್ಕಳು ಪಾಳಿಯ ಮೇಲೆ ಬಡಿಗೆಯಿಂದ ಬಡಿಯುತ್ತಾರೆ. ಒಡೆದರೆ ಮಿಠಾಯಿ ಸುರಿಯುತ್ತದೆ, ತಳ ಬೀಳಿಸಿದವರಿಗೆ ಬೆಕ್ಕಿನ ರಾಣಿ, ಕೊನೆಯ ಹಲಗೆ ಕೆಡವಿದವರಿಗೆ ಬೆಕ್ಕಿನ ರಾಜ ಎಂಬ ಕಿರೀಟ. ಹಿಂದೆ ಆ ಪೀಪಾಯಿಯೊಳಗೆ ನಿಜವಾದ ಕರಿಬೆಕ್ಕು ಹಾಕುತ್ತಿದ್ದರಂತೆ. ಬೆಕ್ಕು ಹೋಗಿ ಮಿಠಾಯಿ ಬಂತು, ಹಬ್ಬ ಉಳಿಯಿತು. ಪದ್ಧತಿ ಬಿಟ್ಟರೆ ಸಂಸ್ಕೃತಿ ಮುಳುಗಿತು ಎನ್ನುವವರು ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ಜೂನ್ 23ರ ಸಂಜೆ ಸಮುದ್ರದಂಡೆಗಳಲ್ಲಿ ಬೆಂಕಿ ಹಾಕಿ, ಹುಲ್ಲಿನ ಮಾಟಗಾತಿಯನ್ನು ಅದರ ಮೇಲೇರಿಸಿ, ಹೋಲ್ಗರ್ ಡ್ರಾಕ್‌ಮನ್ 1885ರಲ್ಲಿ ಬರೆದ ಹಾಡನ್ನು ಎಲ್ಲರೂ ಹಾಡುತ್ತಾರೆ. ಕಾಮನನ್ನು ಸುಟ್ಟು ಹಲಗೆ ಬಾರಿಸಿದವರಿಗೆ ಈ ಬೆಂಕಿಯ ಮುಂದೆ ಹೇಗೆ ನಿಲ್ಲಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಕಾರಹುಣ್ಣಿಮೆಯೂ ಆ ಹೊತ್ತಿನದೇ. ಇಲ್ಲಿ ಎತ್ತುಗಳು ಬಣ್ಣ ಬಳಿಸಿಕೊಂಡು ಕರಿ ಹರಿಯುವ ದಿನಗಳಲ್ಲಿ ಅಲ್ಲಿ ರಾತ್ರಿ ಹತ್ತಕ್ಕೂ ಬೆಳಕು. ಕ್ರಿಸ್‌ಮಸ್ ಊಟದ ಕೊನೆಗೆ ಅಕ್ಕಿಯ ಪಾಯಸದಂಥದ್ದೊಂದು ಬರುತ್ತದೆ, ಅದರಲ್ಲಿ ಒಂದೇ ಒಂದು ಇಡೀ ಬಾದಾಮಿ ಅಡಗಿಸಿರುತ್ತಾರೆ. ಸಿಕ್ಕವರಿಗೆ ಬಹುಮಾನ. ಚಾಣಾಕ್ಷರು ಅದನ್ನು ದವಡೆಯಲ್ಲಿಟ್ಟುಕೊಂಡು, ಉಳಿದವರು ಹೊಟ್ಟೆ ಬಿರಿಯುವ ತನಕ ಹುಡುಕುತ್ತ ಉಣ್ಣುವುದನ್ನು ನೋಡುತ್ತಾರೆ. ಇಪ್ಪತ್ತೈದು ತುಂಬಿಯೂ ಮದುವೆಯಾಗದವರನ್ನು ಗೆಳೆಯರು ಹಿಡಿದು ಮೈತುಂಬ ದಾಲ್ಚಿನ್ನಿ ಪುಡಿ ಎರಚುವ ಪದ್ಧತಿಯೂ ಉಂಟು. ಮೂವತ್ತಾದರೆ ಮೆಣಸಿನ ಪುಡಿ. ಜಾತ್ರೆಯಲ್ಲಿ ಭಂಡಾರ ಹಾರಿಸಿಕೊಂಡು ಹಳದಿಯಾದ ನಮ್ಮವರಿಗೆ ಪುಡಿಯ ಭಯವಿಲ್ಲ. ಭಯ ಇರುವುದು ಫೋಟೋ ಊರಿಗೆ ಹೋದರೆ, "ನೋಡು, ಅಲ್ಲಿನ ಮಂದಿಗೂ ತಿಳೀತದ, ನಿನಗ ತಿಳಿಯಂಗಿಲ್ಲ" ಎಂದು ಅಪ್ಪ ಹೆಣ್ಣು ನೋಡಲು ಹೊರಟಾನೆಂದು.

ಇವುಗಳಲ್ಲಿ ನನಗೆ ಹೆಚ್ಚು ಹಿಡಿಸಿದ್ದು ರೆಗೆನ್ಸನ್ ಅಂಗಳದ ಗಿಡದ ಹುಟ್ಟುಹಬ್ಬ. 1785ರಲ್ಲಿ ಅಲ್ಲಿ ಒಂದು ಲಿಂಡನ್ ಸಸಿ ನೆಟ್ಟರು. ಅಂದಿನಿಂದ ಮೇ ತಿಂಗಳಲ್ಲಿ ಅದರ ಹುಟ್ಟುಹಬ್ಬ ನಡೆಯುತ್ತದೆ. ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಹೋಗಿ ಗಿಡದ ಕೊಂಬೆಯನ್ನು ಕೈ ಕುಲುಕಿ ಬರುತ್ತಾರೆ. ಇಷ್ಟು ಓದಿದ ಬುದ್ಧಿವಂತರು ಸಾಲುಗಟ್ಟಿ ನಿಂತು ಗಿಡದ ಕೈ ಕುಲುಕುವುದೆಂದರೆ ಏನು ಎಂದು ನಗುವವರಿಗೆ ದಸರೆಯ ದಿನ ಬನ್ನಿ ಗಿಡದ ಮುಂದೆ ನಾವು ಮಾಡುವುದನ್ನು ನೆನಪಿಸಬೇಕು. ಎಲೆ ಕಿತ್ತು ಕೈಗಿಟ್ಟು, "ಬಂಗಾರ ತೊಗೊಂಡು ಬಂಗಾರದ್ಹಂಗ ಇರೂಣು" ಎಂದು ವರ್ಷವಿಡೀ ಮಾತು ಬಿಟ್ಟವರ ಕಾಲಿಗೂ ಎರಗುತ್ತೇವೆ. ಎರಡೂ ಆಚರಣೆಗಳು ನಿಮ್ಮ ನಂಬಿಕೆಯನ್ನು ಪರೀಕ್ಷೆ ಮಾಡುವುದಿಲ್ಲ. ಬಂದು ಕೈ ಚಾಚಿದರೆ ಸಾಕು. ಹೊರಗಿನ ವಿದ್ಯಾರ್ಥಿಗೆ ಹಬ್ಬದ ಉಪಯೋಗ ಇದೇ: ಭಾಷೆ ಬರದಿದ್ದರೂ ಬಡಿಗೆ ಹಿಡಿಯಬಹುದು, ಬೆಂಕಿಗೆ ಕಟ್ಟಿಗೆ ಹಾಕಬಹುದು, ಗಿಡದ ಕೈ ಕುಲುಕಬಹುದು. ನೋಡುವವನಾಗಿ ಬಂದವನು ಪಾಳಿಯವನಾಗುತ್ತಾನೆ.

ಕ್ಲಾಸಿನ ಒಳಗಿನ ಮಾತು ಸ್ವಲ್ಪದರಲ್ಲಿ ಮುಗಿಸುತ್ತೇನೆ. ಅಲ್ಲಿ ಪ್ರೊಫೆಸರನ್ನು ಬರಿ ಹೆಸರು ಹಿಡಿದು ಕರೆಯುತ್ತಾರೆ. ಮಾತಿಗೊಂದು "ರೀ" ಸೇರಿಸದೆ ನಾಲಿಗೆ ಹೊರಳದ ನಮ್ಮ ಭಾಗದವರಿಗೆ ಇದು ರೈ ರೊಟ್ಟಿಗಿಂತ ಗಟ್ಟಿ ತುತ್ತು. ಅವರ ಅಂಕಗಳೂ ವಿಚಿತ್ರ: ಮೈನಸ್ 3, 00, 02, 4, 7, 10, 12. ಇಷ್ಟೇ, ನಡುವೆ ಬೇರೆ ಇಲ್ಲ. ಎರಡರ ಹಿಂದೆ ಸೊನ್ನೆ ಯಾಕೆಂದರೆ ಯಾರೂ ಹಿಂದೊಂದು ಗೀಟೆಳೆದು ಅದನ್ನು 12 ಮಾಡಿಕೊಳ್ಳಬಾರದು ಎಂದು. ಅಂದರೆ ಮಾರ್ಕ್ಸ್ ಕಾರ್ಡ್ ತಿದ್ದುವ ಕಲೆ ನಮ್ಮೊಬ್ಬರದೇ ಅಲ್ಲ ಎಂಬುದು ಒಂದು ಸಮಾಧಾನ. ಪಾಸಾಗಲು 02 ಸಾಕು. ಎಸ್ಸೆಸ್ಸೆಲ್ಸಿಯಲ್ಲಿ 600ರ ಮೇಲೆ ತಂದು ಪೇಪರಿನಲ್ಲಿ ಫೋಟೋ ಹಾಕಿಸಿಕೊಂಡ ಮಗನಿಗೆ ಅಲ್ಲಿ ಏಳು ಬಂತು ಎಂದರೆ ಮನೆಯಲ್ಲಿ ಸೂತಕ. ಏಳು ಅಲ್ಲಿ ಒಳ್ಳೆಯ ಅಂಕ ಎಂದು ಎಷ್ಟು ಹೇಳಿದರೂ ಯಾರೂ ನಂಬುವುದಿಲ್ಲ. ಅಂಕ ತಂದು ಮೆರೆಯುವುದೂ ಅಲ್ಲಿ ಸಲ್ಲದು: ಸಾಂಡೆಮೋಸೆ ಎಂಬ ಲೇಖಕ 1933ರ ತನ್ನ ಕಾದಂಬರಿಯಲ್ಲಿ ಯಾಂಟೆ ಎಂಬ ಊರಿಗೆ ಹತ್ತು ಕಟ್ಟಳೆ ಬರೆದ. ನೀನೇನೋ ದೊಡ್ಡವನು ಎಂದುಕೊಳ್ಳಬೇಡ ಎಂಬುದು ಎಲ್ಲದರ ಸಾರ. "ಬಾಳ ಶ್ಯಾಣ್ಯಾ ಆಗಬ್ಯಾಡ" ಎಂಬ ನಮ್ಮ ಹಿರಿಯರಿಗೆ ಇದನ್ನು ಹೇಳಲು ಕಾದಂಬರಿ ಬೇಕಾಗಲಿಲ್ಲ.

ಇಷ್ಟು ಹೇಳಿದರೆ ತಕರಾರು ಏಳುತ್ತವೆ, ಏಳಬೇಕು. ಮೊದಲನೆಯದು ಹಣದ್ದು. ಯುರೋಪಿನ ಒಕ್ಕೂಟದ ಹೊರಗಿನವರಿಗೆ ಡೆನ್ಮಾರ್ಕ್ 2006ರಿಂದ ಫೀ ಹಚ್ಚಿದೆ. ಹೊಲ ಅಡವಿಟ್ಟೋ, ಬ್ಯಾಂಕಿನ ಸಾಲ ಎತ್ತಿಯೋ ಕಳಿಸಿದ ತಂದೆ, "ನಾವು ಕಳಿಸಿದ್ದು ಓದಾಕ, ಪೀಪಾಯಿ ಬಡಿಯಾಕಲ್ಲ" ಎಂದರೆ ಅವರ ಮಾತಿನಲ್ಲಿ ತೂಕವಿದೆ. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ಸರಕಾರದ ಪ್ರಬುದ್ಧ ಯೋಜನೆಯ ನೆರವಿದೆ, ಅದನ್ನು ಪಡೆದವರ ಮೇಲೂ ಇಡೀ ಓಣಿಯ ಕಣ್ಣಿರುತ್ತದೆ. ಆದರೆ ಲೆಕ್ಕವನ್ನೇ ಸರಿಯಾಗಿ ಮಾಡೋಣ. ಅದೇ ವಿಷಯ, ಅದೇ ಪುಸ್ತಕ ಬೆಳಗಾವಿಯಲ್ಲೋ ಬೆಂಗಳೂರಿನಲ್ಲೋ ಹತ್ತರಲ್ಲಿ ಒಂದು ಪಾಲಿಗೆ ಸಿಗುತ್ತದೆ. ಹೆಚ್ಚಿಗೆ ಕೊಟ್ಟ ಒಂಬತ್ತು ಪಾಲು ಆ ಜಾಗಕ್ಕೆ, ಆ ಮಂದಿಯ ನಡುವೆ ಇರುವುದಕ್ಕೆ. ಜಾಗವನ್ನೇ ಬಳಸದೆ ಕೋಣೆಯ ಬಾಗಿಲು ಹಾಕಿಕೊಂಡು ಓದಿದವನೇ ಹಣ ಹಾಳು ಮಾಡಿದವನು. ಅದೂ ಅಲ್ಲದೆ, 1972ರಲ್ಲಿ ಹುಟ್ಟಿದ ರೊಸ್ಕಿಲ್ಡ್, 1974ರಲ್ಲಿ ಹುಟ್ಟಿದ ಓಲ್ಬೋರ್ ವಿಶ್ವವಿದ್ಯಾಲಯಗಳಲ್ಲಿ ಓದಿನ ರೀತಿಯೇ ಗುಂಪಿನ ಪ್ರಾಜೆಕ್ಟು. ನಾಲ್ಕಾರು ಮಂದಿ ಕೂಡಿ ಒಂದು ಸಮಸ್ಯೆ ಹಿಡಿದು ಸೆಮಿಸ್ಟರ್ ಪೂರ್ತಿ ಅಗೆಯಬೇಕು, ಕೊನೆಗೆ ಪರೀಕ್ಷಕರ ಮುಂದೆ ಕೂತು ಬಾಯಿಯಿಂದ ಉತ್ತರಿಸಬೇಕು. ಅಡಿಗೆಮನೆಯಲ್ಲಿ ಪಾಳಿ ತಪ್ಪಿಸಿದವನು ಇಲ್ಲಿಯೂ ತಪ್ಪಿಸುತ್ತಾನೆ, ಇಲ್ಲಿ ಅದಕ್ಕೆ ಅಂಕವಿದೆ.

ಎರಡನೆಯದು ಕುಡಿತ ಮತ್ತು ಮಾಂಸ. ಇದನ್ನು ಮುಚ್ಚಿಟ್ಟು ಮಾತಾಡಬಾರದು. ಶುಕ್ರವಾರ ಮಧ್ಯಾಹ್ನದ ಮೇಲೆ ಅಲ್ಲಿಯ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳೇ ನಡೆಸುವ ಬಾರು ತೆರೆಯುತ್ತದೆ, ಬೀರು ಅಲ್ಲಿ ನೀರಿನ ಪಕ್ಕದ ಪದಾರ್ಥ. ಕ್ರಿಸ್‌ಮಸ್ ಮೇಜಿನ ನಡುವೆ ಹಂದಿಯ ಮಾಂಸವೋ ಬಾತುಕೋಳಿಯೋ ಇರುತ್ತದೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಹುಡುಗಿ ಅಲ್ಲಿ ಏನು ಮಾಡಬೇಕು? ಒಂದು ಸಲ ಬೇಡ ಅನ್ನಬೇಕು, ಅಷ್ಟೇ. ನಮ್ಮ ಹುಡುಗನನ್ನು ಉಪವಾಸ ಕೆಡವಿದ ಅದೇ ಪದ್ಧತಿ ಇಲ್ಲಿ ಅವಳನ್ನು ಕಾಯುತ್ತದೆ, ಎರಡನೆಯ ಸಲ ಯಾರೂ ಒತ್ತಾಯ ಮಾಡುವುದಿಲ್ಲ. ಒತ್ತಾಯ ಮಾಡಿ ಕುಡಿಸುವವರು ಸಿಕ್ಕರೆ ಅವರು ನಮ್ಮವರೇ ಆಗಿರುವ ಸಂಭವ ಹೆಚ್ಚು. ಬೇಡವೆನ್ನಲು ಬಾರದ್ದು ಪಾಳಿಗೆ ಮಾತ್ರ. ತನ್ನ ದಿನ ಬಂದಾಗ ಅವಳು ಝುಣಕದ ವಡಿ ತಟ್ಟಿ, ಮುಳಗಾಯಿ ಎಣ್ಣೆಗಾಯಿ ಮಾಡಿ ಹನ್ನೆರಡು ಮಂದಿಗೆ ಬಡಿಸಲಿ. ಖಾರ ಕಡಿಮೆ ಹಾಕಲಿ ಎಂಬುದೊಂದೇ ನನ್ನ ಬಿನ್ನಹ. ಅವರದು ಬೆಣ್ಣೆ ತಿಂದ ನಾಲಿಗೆ.

ನಮ್ಮ ಸಂಸ್ಕೃತಿ ಮರೆತು ಹೋಗುತ್ತಾರೆ ಎಂಬ ಮೂರನೆಯ ಅಂಜಿಕೆಗೆ ಉತ್ತರ ನಮ್ಮ ಜಿಲ್ಲೆಯಲ್ಲೇ ಇದೆ. ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ರೇವಪ್ಪ ಕಾಪಸೆ ಎಂಬ ಗೆಳೆಯರು ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡುತ್ತಿದ್ದುದನ್ನು ಬರೆದಿಟ್ಟುಕೊಳ್ಳದಿದ್ದರೆ ಆ ಹಾಡುಗಳು ಗಿರಣಿಯ ಸದ್ದಿಗೆ ಹೋಗಿಬಿಡುತ್ತಿದ್ದವು. ಡೇನಿಶ್ ಮಂದಿ ಕೂಡಿ ಹಾಡುವ ಜನ. 1894ರಲ್ಲಿ ಮೊದಲು ಅಚ್ಚಾದ ಅವರ ಜಾನಪದ ಶಾಲೆಗಳ ಹಾಡಿನ ಪುಸ್ತಕ ಹೊಸ ಹೊಸ ಆವೃತ್ತಿಯಾಗಿ ಈಗಲೂ ಕೈಯಲ್ಲಿದೆ. ಅಂಥ ಮೇಜಿನಲ್ಲಿ "ನಿಮ್ಮ ಕಡೆಯದೊಂದು ಹಾಡು" ಎಂದು ಕೇಳಿದಾಗ ನಮ್ಮ ವಿದ್ಯಾರ್ಥಿಗೆ ಬರುವುದು ಸಿನಿಮಾ ಹಾಡು. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುವುದು ಯಾಕೆ ಎಂದರೆ, "ಅವ್ವಗ ಕೇಳಿ ಹೇಳ್ತೀನಿ." ಅಂದರೆ ಮರೆವು ಡೆನ್ಮಾರ್ಕಿಗೆ ಹೋಗಿ ಅಂಟಿದ ರೋಗವಲ್ಲ, ಇಲ್ಲಿಂದಲೇ ಜೊತೆಗೆ ಒಯ್ದದ್ದು. ಕೇಳುವವರು ಸಿಕ್ಕಿದ್ದರಿಂದ ಕನಿಷ್ಠ ಅವ್ವನಿಗೆ ಫೋನಾದರೂ ಹೋಯಿತು. ತಮ್ಮ ಮಕ್ಕಳು ಮನೆಯಲ್ಲಿದ್ದಾಗ ಒಂದು ದಿನವೂ ಕೇಳದ್ದನ್ನು ಏಳು ಸಾವಿರ ಕಿಲೋಮೀಟರ್ ಆಚೆಯಿಂದ ಕೇಳುತ್ತಾರೆ ಎಂದರೆ ಹಿರಿಯರು ಅಳುವುದಲ್ಲ, ನೆಟ್ಟಗೆ ಉತ್ತರ ಹೇಳಬೇಕು.

ಡೇನಿಶ್ ಮಂದಿಯೇ ಹತ್ತಿರ ಬಿಟ್ಟುಕೊಳ್ಳುವುದಿಲ್ಲ, ಅವರ ಗೆಳೆತನವೆಲ್ಲ ಶಾಲೆಯ ಕಾಲಕ್ಕೇ ಮುಗಿದಿರುತ್ತದೆ ಎಂಬ ಮಾತಿನಲ್ಲಿ ಸತ್ಯವಿದೆ, ಅದನ್ನು ಅಲ್ಲಗಳೆಯಲಾರೆ. ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು ಊರು ಯಾವುದು, ಲಗ್ನ ಆಗೈತೇನು ಎಂದು ಕೇಳುವ ದೇಶವಲ್ಲ ಅದು. ಇದರಿಂದಲೇ ನಾಲ್ಕು ಜನ ಭಾರತೀಯರು ಒಂದು ಫ್ಲ್ಯಾಟಿನಲ್ಲಿ ಕುಕ್ಕರ್ ಇಟ್ಟುಕೊಂಡು ಎರಡು ವರ್ಷ ಕಳೆದು ಬರುವುದೂ ನಡೆಯುತ್ತದೆ. ಆದರೆ ಮಾತಿನಿಂದ ಗೆಳೆತನ ಬೆಳೆಯದ ಕಡೆ ಕೆಲಸದಿಂದ ಬೆಳೆಯುತ್ತದೆ. ಆ ಮಂದಿಯ ಬಾಗಿಲು ಇದೇ ಎಂದಾದ ಮೇಲೆ ಅದನ್ನೇ ತಟ್ಟಬೇಕಲ್ಲವೇ?

ಮುದ್ದೇಬಿಹಾಳದಿಂದ ಡೆನ್ಮಾರ್ಕಿಗೆ ಹೋಗುವವರು ಬೆರಳೆಣಿಕೆಯಷ್ಟು, ಅವರಿಗಾಗಿ ಇಷ್ಟುದ್ದ ಯಾಕೆ ಎಂಬ ಕೊನೆಯ ತಕರಾರು ಎಲ್ಲಕ್ಕಿಂತ ಗಟ್ಟಿಯಾದದ್ದು. ನಾವು ಅಲ್ಲಿಗೆ ಹೋಗದಿದ್ದರೂ ಡೆನ್ಮಾರ್ಕ್ ನಮ್ಮಲ್ಲಿಗೆ ಬಂದುಹೋಗಿದೆ. ಗ್ರುಂಡ್ಟ್‌ವಿಗ್ ಎಂಬ ಪಾದ್ರಿ, ಪರೀಕ್ಷೆಯಿಲ್ಲದ, ರೈತರ ಮಕ್ಕಳು ಕೂಡಿ ಇದ್ದು, ಕೂಡಿ ಹಾಡಿ, ಕೂಡಿ ಉಂಡು ಕಲಿಯುವ ಜಾನಪದ ಶಾಲೆ ಬೇಕೆಂದ. ಅಂಥ ಮೊದಲ ಶಾಲೆ 1844ರಲ್ಲಿ ರೊಡ್ಡಿಂಗಿನಲ್ಲಿ ತೆರೆಯಿತು. ಆ ಶಾಲೆಗಳಲ್ಲಿ ಕಲಿತ ರೈತರ ಪೀಳಿಗೆಯೇ 1882ರಿಂದ ಹಳ್ಳಿ ಹಳ್ಳಿಗೆ ಸಹಕಾರಿ ಹಾಲಿನ ಡೇರಿ ಕಟ್ಟಿತು. ಆ ಶಾಲೆಗಳ ಮಾದರಿಯನ್ನು ನೋಡಿ ಸ್ವಾತಂತ್ರ್ಯದ ಆಸುಪಾಸಿನಲ್ಲಿ ಮೈಸೂರು ರಾಜ್ಯದ ವಯಸ್ಕರ ಶಿಕ್ಷಣ ಸಮಿತಿ ನಂಜನಗೂಡಿನಿಂದ ಶುರುಮಾಡಿ ಹಳ್ಳಿಯ ಯುವಕರಿಗೆ ವಿದ್ಯಾಪೀಠಗಳನ್ನು ತೆರೆಯಿತು. ರೈತರ ಹುಡುಗರು ಅಲ್ಲೇ ಉಳಿದು ಬೇಸಾಯವನ್ನೂ ಬದುಕನ್ನೂ ಕಲಿತರು. 1980ರ ದಶಕದಲ್ಲಿ ಡೇನಿಶ್ ನೆರವಿನ ವೈಟೆಪ್ ಯೋಜನೆಯಲ್ಲಿ ಕರ್ನಾಟಕದ ಸಣ್ಣ ರೈತರ ಮನೆಯ ಹೆಣ್ಣುಮಕ್ಕಳು ಮನೆ ಬಿಟ್ಟು ತರಬೇತಿ ಕೇಂದ್ರಗಳಲ್ಲಿ ಉಳಿದರು. ಮನೆಯ ಒಲೆಯಿಂದ ಕೆಲವು ದಿನ ದೂರ ಇರುವುದು ಅವರಲ್ಲಿ ಬಹಳ ಮಂದಿಗೆ ಜೀವನದಲ್ಲೇ ಮೊದಲು. ಡೆನ್ಮಾರ್ಕಿನ ನೆರವಿನ ಸಂಸ್ಥೆಯಾದ ಡ್ಯಾನಿಡಾದ ಹೆಸರು ನಮ್ಮ ಜಿಲ್ಲೆಯ ಹಳ್ಳಿಗಳಿಗೆ ಪರಿಚಯವಾದದ್ದು ಕುಡಿಯುವ ನೀರಿನ ಯೋಜನೆಯಿಂದ. ಇನ್ನೊಂದು ಕಡೆ, ಪರಊರಿನ ಪಂಕ್ತಿ ಎನ್ನುವುದು ವಿಮಾನ ಹತ್ತಿದವರಿಗೆ ಮಾತ್ರ ಬರುವ ಪರೀಕ್ಷೆಯೂ ಅಲ್ಲ. ಬೇಸಿಗೆಯಲ್ಲಿ ಗೋವಾಕ್ಕೆ, ಪುಣೆಗೆ, ಮಂಗಳೂರಿಗೆ ಗುಳೆ ಹೋಗುವವರು, ಧಾರವಾಡದಲ್ಲಿ ಕೋಣೆ ಮಾಡಿ ಕೆ.ಎ.ಎಸ್. ಓದುವವರು, ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದ ಹಾಸ್ಟೆಲ್ಲಿನ ಹುಡುಗಿಯರು, ಎಲ್ಲರಿಗೂ ಒಂದಲ್ಲ ಒಂದು ದಿನ ಬೇರೆಯವರ ಒಲೆಯ ಮುಂದೆ ನಿಲ್ಲುವ ಪ್ರಸಂಗ ಬರುತ್ತದೆ.

ಆದ್ದರಿಂದ ನಮ್ಮ ಜಿಲ್ಲೆಯ ಹಾಸ್ಟೆಲ್ ವಾರ್ಡನ್ನರಲ್ಲಿ, ಪ್ರಸಾದ ನಿಲಯ ನಡೆಸುವ ಮಠಗಳ ಹಿರಿಯರಲ್ಲಿ ಒಂದು ಬೇಡಿಕೆ. ಈ ಸಲ ಕಾಲೇಜು ಶುರುವಾದ ಮೇಲೆ ವಾರಕ್ಕೊಂದು ರಾತ್ರಿ ಅಡಿಗೆಯವರಿಗೆ ರಜೆ ಕೊಡಿ, ಪಗಾರ ಹಿಡಿಯದೆ. ಕೋಣೆಯ ನಂಬರಿನ ಮೇಲೆ ಪಾಳಿ ಬರೆದು ಗೋಡೆಗೆ ಹಚ್ಚಿ, ಜಾತಿ ಕೇಳಬೇಡಿ, ಗಂಡು ಹುಡುಗರನ್ನು ಬಿಡಬೇಡಿ. ಮೊದಲ ವಾರ ಸಾರು ಕೆಡುತ್ತದೆ, ಅನ್ನ ಹತ್ತುತ್ತದೆ. ಯಾರೂ ನಡುವೆ ಕೈ ಹಾಕದೆ ಅದನ್ನೇ ಉಣ್ಣಲಿ, ಪಾತ್ರೆಯನ್ನೂ ತಾವೇ ತಿಕ್ಕಲಿ.